ಸಿಖ್ ತರುಣರೂ ಪೇಟವೂ

ನಮ್ಮಲ್ಲಿ ತಲೆಗೆ ಸುತ್ತುವ ಬಟ್ಟೆಗೆ ಹೆಸರುಗಳ ಬರವಿಲ್ಲ. ರುಮಾಲು, ಪೇಟ, ಮುಂಡಾಸು, ಪಟಗ, ಪಾಗು—ಸೀಮೆಗೊಂದು ಹೆಸರು, ಹೆಸರಿಗೊಂದು ಸುತ್ತು. ಬರವಿರುವುದು ಸುತ್ತಿಕೊಳ್ಳುವ ತಲೆಗಳಿಗೆ. ಮದುವೆಯ ದಿನ ವರನಿಗೆ, ಸನ್ಮಾನದ ದಿನ ಹಿರಿಯರಿಗೆ, ಮೊದಲೇ ಹೊಲಿದು ಸಿದ್ಧಪಡಿಸಿದ ಪೇಟವನ್ನು ಟೋಪಿಯಂತೆ ತೊಡಿಸುತ್ತೇವೆ. ಫೋಟೋ ಮುಗಿದೊಡನೆ ತೆಗೆದಿಡುತ್ತೇವೆ. ಜರಿಯಂಚಿನ ಪೇಟವಿಲ್ಲದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾವು ನೆನೆಯಲಾರೆವು. ಆದರೆ ಅವರ ಚಿತ್ರ ತೂಗುಹಾಕಿದ ಕಾಲೇಜಿನಲ್ಲಿ ಓದುವ ಹುಡುಗನಿಗೆ ‘ನೀನೂ ಒಂದು ಕಟ್ಟಿಕೊಳ್ಳಪ್ಪ’ ಎಂದರೆ ನಕ್ಕು ಹೋಗುತ್ತಾನೆ. ಎರಡು ಮೂರು ತಲೆಮಾರುಗಳಲ್ಲಿ ಕನ್ನಡಿಗರ ತಲೆಯಿಂದ ರುಮಾಲು ಇಳಿಯಿತು. ಜುಟ್ಟು ತೆಗೆಸಿ ಕ್ರಾಪು ಬಿಟ್ಟದ್ದಕ್ಕೆ ಕೆಲವು ಮನೆಗಳಲ್ಲಿ ರಂಪವಾದದ್ದುಂಟು. ರುಮಾಲು ಬಿಟ್ಟದ್ದಕ್ಕೆ ಯಾವ ತಂದೆಯೂ ಮಗನೊಡನೆ ಮಾತು ಬಿಟ್ಟಂತೆ ಕಾಣೆ.

ಪಂಜಾಬಿನಲ್ಲಿ ಹಾಗಲ್ಲ. ಹದಿನಾರು ಹದಿನೇಳರ ಹುಡುಗನೊಬ್ಬ ಪೇಟ ಇಳಿಸಿ, ಕೂದಲು ಕತ್ತರಿಸಿಕೊಂಡು ಮನೆಯ ಹೊಸ್ತಿಲು ತುಳಿದನೆಂದರೆ ಆ ಮನೆಯಲ್ಲಿ ಸೂತಕದಂಥ ಮೌನ ಕವಿಯುವುದುಂಟು. ಅದೇ ಹುಡುಗ ಪೇಟ ಕಟ್ಟಿಕೊಂಡು ಬೇರೊಂದು ದೇಶದ ಶಾಲೆಗೆ ಹೋದರೆ ಅಲ್ಲಿ ಇನ್ನೊಂದು ಬಗೆಯ ಮೌನ ಕಾದಿರುತ್ತದೆ. ಈ ಎರಡು ಮೌನಗಳ ನಡುವೆ ಅವನು ದಿನವೂ ಬೆಳಿಗ್ಗೆ ಕನ್ನಡಿಯ ಮುಂದೆ ನಿಲ್ಲಬೇಕು. ಅವನ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ಒಂದು ಸಂಗತಿ ಸ್ಪಷ್ಟವಾಗಲಿ. ೧೬೯೯ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಹರು ಖಾಲ್ಸಾ ಪಂಥವನ್ನು ಕಟ್ಟಿದರು. ದೀಕ್ಷೆ ಪಡೆದವರು ಧರಿಸಬೇಕಾದ ಐದು ‘ಕಕಾರ’ಗಳನ್ನು ನೀವು ಕೇಳಿರಬಹುದು: ಕೇಶ, ಕಂಘಾ ಎಂಬ ಬಾಚಣಿಗೆ, ಕಡಾ ಎಂಬ ಉಕ್ಕಿನ ಬಳೆ, ಕಛೆರಾ ಎಂಬ ಚಲ್ಲಣ, ಕಿರ್ಪಾನ್ ಎಂಬ ಕತ್ತಿ. ಈ ಪಟ್ಟಿಯಲ್ಲಿ ಪೇಟವಿಲ್ಲ. ಕೂದಲನ್ನು ಕತ್ತರಿಸಬಾರದೆಂಬುದು ವ್ರತ. ಆ ಕೂದಲನ್ನು ಮಡಿಯಾಗಿ, ಅಚ್ಚುಕಟ್ಟಾಗಿ ಇಟ್ಟುಕೊಳ್ಳುವುದಕ್ಕೆ ಪೇಟ. ಆದರೆ ಕಾಲಕ್ರಮದಲ್ಲಿ ವ್ರತಕ್ಕಿಂತ ಹೆಚ್ಚಾಗಿ ವ್ರತದ ಹೊದಿಕೆಯೇ ಲೋಕದ ಕಣ್ಣಿಗೆ ಬಿತ್ತು. ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ೧೯೪೫ರಲ್ಲಿ ಒಪ್ಪಿದ ‘ರಹಿತ್ ಮರ್ಯಾದಾ’ ಎಂಬ ಆಚಾರಸಂಹಿತೆ ಗಂಡಸರಿಗೆ ಪೇಟವನ್ನು ಕಡ್ಡಾಯ ಮಾಡಿದೆ, ಹೆಂಗಸರ ಇಚ್ಛೆಗೆ ಬಿಟ್ಟಿದೆ. ಹಾಗೆಂದು ಎಲ್ಲ ಸಿಖ್ಖರೂ ದೀಕ್ಷೆ ಪಡೆದವರಲ್ಲ. ದೀಕ್ಷೆ ಪಡೆದವರು ಅಮೃತಧಾರಿಗಳು; ದೀಕ್ಷೆಯಿಲ್ಲದೆ ಕೂದಲನ್ನಷ್ಟೆ ಕಾಪಾಡಿಕೊಂಡವರು ಕೇಶಧಾರಿಗಳು; ಎರಡೂ ಇಲ್ಲದೆ ಗುರುವಾಣಿಯನ್ನು ನಂಬಿ ನಡೆಯುವವರು ಸಹಜಧಾರಿಗಳು. ೨೦೧೧ರ ಜನಗಣತಿಯಂತೆ ಭಾರತದಲ್ಲಿರುವ ಸುಮಾರು ೨ ಕೋಟಿ ೮ ಲಕ್ಷ ಸಿಖ್ಖರಲ್ಲಿ ಈ ಮೂರು ಬಗೆಯವರೂ ಒಂದೇ ಮನೆಯಲ್ಲಿ, ಒಂದೇ ತಾಯಿಯ ಮಕ್ಕಳಾಗಿ ಇರುವುದು ವಿಶೇಷವಲ್ಲ.

ಪೇಟವನ್ನು ಕಡ್ಡಾಯ ಮಾಡಿದ್ದರಲ್ಲಿ ಒಂದು ಸಾಮಾಜಿಕ ಅರ್ಥವೂ ಉಂಟು. ಮೊಗಲರ ಕಾಲದಲ್ಲಿ ಅಂದವಾದ ಪೇಟ ಉಳ್ಳವರ, ಅಧಿಕಾರಿಗಳ ಗುರುತು. ಅದನ್ನು ಎಲ್ಲರ ತಲೆಗೂ ಏರಿಸಿದ್ದು ಖಾಲ್ಸಾದ ಹೆಚ್ಚುಗಾರಿಕೆ ಎಂದು ಸಿಖ್ಖರು ಹೇಳಿಕೊಳ್ಳುತ್ತಾರೆ. ಆನಂದಪುರದಲ್ಲಿ ತಲೆ ಕೊಡಲು ಎದ್ದುನಿಂತ ‘ಪಂಚ ಪ್ಯಾರೆ’ಗಳನ್ನು ನೋಡಿದರೆ ಈ ಮಾತು ಬರಿಯ ಮಾತಲ್ಲವೆಂದು ತಿಳಿಯುತ್ತದೆ. ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಜಗನ್ನಾಥಪುರಿಯ ನೀರು ಹೊರುವವನು, ದ್ವಾರಕೆಯಲ್ಲಿ ಬಟ್ಟೆಗೆ ಅಚ್ಚು ಹಾಕುವವನು. ಐದನೆಯವನು ನಮ್ಮ ಬೀದರಿನ ಕ್ಷೌರಿಕ ಸಾಹಿಬ್ ಚಂದ್. ದೀಕ್ಷೆಯಾದಮೇಲೆ ಸಾಹಿಬ್ ಸಿಂಗ್. ಕತ್ತರಿ ಹಿಡಿದು ಬದುಕಿದ ಮನೆತನದವನೊಬ್ಬ ಕತ್ತರಿ ಸೋಕದ ವ್ರತಕ್ಕೆ ಮೊದಲ ಐವರಲ್ಲೊಬ್ಬನಾದನು, ಚಮಕೌರಿನ ಕಾಳಗದಲ್ಲಿ ಗುರುಗಳ ಪಕ್ಕದಲ್ಲಿ ಪ್ರಾಣ ಕೊಟ್ಟನು. ಸಂಪ್ರದಾಯ ಹೀಗೆ ಹೇಳುತ್ತದೆ. ಪೇಟದ ಕತೆಯಲ್ಲಿ ಕನ್ನಡ ನೆಲದ ಎಳೆಯೊಂದು ಮೊದಲಿನಿಂದಲೂ ಇದೆ ಎನ್ನುವುದಕ್ಕೆ ಇಷ್ಟು ಸಾಕು.

ಇನ್ನು ಕಟ್ಟಿಕೊಳ್ಳುವ ವಿಚಾರ. ನೋಡುವವರಿಗೆ ಅದು ಟೋಪಿಯಷ್ಟೆ ಸುಲಭವಾಗಿ ಕಾಣುತ್ತದೆ. ಅಲ್ಲ. ಹುಡುಗ ಚಿಕ್ಕವನಾಗಿರುವಾಗ ತಾಯಿ ಅವನ ಕೂದಲನ್ನು ಬಾಚಿ ನೆತ್ತಿಯ ಮೇಲೆ ಜೂಡಾ ಎಂಬ ಗಂಟು ಹಾಕಿ, ಮೇಲೆ ಕರವಸ್ತ್ರವನ್ನೋ ಮೂಲೆಗಳಲ್ಲಿ ದಾರವಿರುವ ‘ಪಟ್ಕಾ’ ಎಂಬ ಚೌಕದ ಬಟ್ಟೆಯನ್ನೋ ಬಿಗಿಯುತ್ತಾಳೆ. ತಲೆ ತೊಳೆದ ದಿನ ಆ ಕೂದಲು ಒಣಗುವವರೆಗೆ ಆಟಕ್ಕೆ ಹೋಗುವಂತಿಲ್ಲ. ಹನ್ನೆರಡರಿಂದ ಹದಿನೈದರ ನಡುವೆ ಯಾವಾಗಲೋ ಒಂದು ದಿನ, ಗುರುದ್ವಾರದಲ್ಲಿ ಗ್ರಂಥಸಾಹಿಬದ ಸಮ್ಮುಖದಲ್ಲಿ, ಅಜ್ಜನೋ ಸೋದರಮಾವನೋ ಗ್ರಂಥಿಯೋ ಅವನಿಗೆ ಮೊದಲ ಪೇಟ ಕಟ್ಟುತ್ತಾರೆ. ಇದಕ್ಕೆ ‘ದಸ್ತಾರ್ ಬಂದಿ’ ಎಂದು ಹೆಸರು. ಸಿಹಿ ಹಂಚುತ್ತಾರೆ, ಚಿತ್ರ ತೆಗೆಯುತ್ತಾರೆ. ಕಷ್ಟ ಪ್ರಾರಂಭವಾಗುವುದು ಮರುದಿನ ಬೆಳಿಗ್ಗೆ, ಅದನ್ನು ತಾನೇ ಕಟ್ಟಿಕೊಳ್ಳಬೇಕಾದಾಗ.

ಬಟ್ಟೆ ಐದಾರು ಮೀಟರು ಉದ್ದ. ಮಲ್ಮಲ್ಲೋ ವಾಯಿಲೋ ಆಗಬೇಕು, ಜಾರುವ ಬಟ್ಟೆ ನಡೆಯದು. ಅಗಲ ಹೆಚ್ಚು ಬೇಕೆನ್ನುವವರು ಎರಡು ತುಂಡನ್ನು ಉದ್ದಕ್ಕೂ ಜೋಡಿಸಿ ಹೊಲಿಸಿಕೊಳ್ಳುತ್ತಾರೆ. ಸ್ವಲ್ಪ ನೀರು ಚಿಮುಕಿಸಿ, ಒಬ್ಬರು ಒಂದು ತುದಿ, ಇನ್ನೊಬ್ಬರು ಇನ್ನೊಂದು ತುದಿ ಹಿಡಿದು ಎಳೆದು, ಉದ್ದುದ್ದ ಮಡಿಕೆ ಹಾಕಬೇಕು. ಇದಕ್ಕೆ ‘ಪೂಣಿ’ ಎನ್ನುತ್ತಾರೆ. ಅಣ್ಣನಿಗೆ ತಮ್ಮ, ಗಂಡನಿಗೆ ಹೆಂಡತಿ, ತಂದೆಗೆ ಮಗಳು—ಪಂಜಾಬಿನ ಅಂಗಳಗಳಲ್ಲಿ ಬೆಳಗಿನ ಹೊತ್ತು ಈ ನೋಟ ಸಾಮಾನ್ಯ. ಪರಊರಿನಲ್ಲಿ ಒಂಟಿಯಾಗಿರುವ ವಿದ್ಯಾರ್ಥಿ ಬಟ್ಟೆಯ ಒಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ ಎಳೆದುಕೊಳ್ಳುತ್ತಾನೆ. ಮಡಿಕೆಯಾದ ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಏರಿಸಿ ಸುತ್ತುತ್ತ, ಹಣೆಯ ನಡುವೆ ಅಂಕಣ ಅಂಕಣವಾಗಿ ಕೋನ ಬರುವಂತೆ ನೋಡಿಕೊಳ್ಳಬೇಕು. ಕೊನೆಯ ಸುತ್ತನ್ನು ಬಿಡಿಸಿ ನೆತ್ತಿ ಮುಚ್ಚಬೇಕು. ಹೊರಗೆ ಇಣುಕುವ ಕೂದಲನ್ನು ಒಳಗೆ ತಳ್ಳಲು, ಸುಕ್ಕು ತೀಡಲು ಉಕ್ಕಿನ ಒಂದು ಕಡ್ಡಿ. ಪಳಗಿದವರಿಗೆ ಹತ್ತು ನಿಮಿಷದ ಕೆಲಸ. ಹೊಸಬನು ಅರ್ಧ ಗಂಟೆ ಹೆಣಗಿದರೂ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಬಿಗಿದರೆ ಮಧ್ಯಾಹ್ನದ ಹೊತ್ತಿಗೆ ಕಿವಿಯ ಮೇಲೆ ನೋವು, ತಲೆಶೂಲೆ. ಸಡಿಲಿಸಿದರೆ ಶಾಲೆಯ ಅಂಗಳದಲ್ಲಿ ಎಲ್ಲರ ಮುಂದೆ ಬಿಚ್ಚಿಕೊಳ್ಳುವ ಭಯ.

ಬಣ್ಣದ ವಿಷಯದಲ್ಲಿ ಶಾಸ್ತ್ರದ ಕಟ್ಟುಪಾಡಿಲ್ಲ. ಕೇಸರಿ, ನೀಲಿ, ಕಪ್ಪು, ಬಿಳಿ ಬಣ್ಣಗಳಿಗೆ ಒಂದೊಂದು ಪರಂಪರೆಯ ನೆನಪಿದೆ. ಮಿಕ್ಕಂತೆ ಅಂಗಿಗೆ ಹೊಂದುವ ಬಣ್ಣ ಹುಡುಕುವುದರಲ್ಲಿ ಸಿಖ್ ತರುಣ ಯಾವ ಹೆಂಗಸಿಗೂ ಸೋಲನು. ಪ್ರಧಾನಿಯಾಗಿದ್ದ ಮನಮೋಹನ ಸಿಂಗರ ಪೇಟ ಸದಾ ತಿಳಿನೀಲಿ. ತಾವು ಓದಿದ ಕೇಂಬ್ರಿಜಿನ ಬಣ್ಣವೆಂದು ಅದರ ಮೇಲೆ ಅವರಿಗೆ ಪ್ರೀತಿಯಿತ್ತು. ಕಟ್ಟುವ ರೀತಿಗಳೂ ಹಲವು. ಪಟಿಯಾಲಾಶಾಹಿ ಒಂದು, ನಿಹಂಗರ ಎತ್ತರದ ದುಮಾಲಾ ಒಂದು, ಪೂರ್ವ ಆಫ್ರಿಕಕ್ಕೆ ಹೋದ ಸಿಖ್ಖರು ರೂಢಿಸಿದ, ಮುಂದೆ ಚೂಪಾದ ಕೀನ್ಯಾ ಕಟ್ಟು ಇನ್ನೊಂದು. ತಿಳಿದವನು ಪೇಟ ನೋಡಿ ಮನುಷ್ಯನ ಊರು ಹೇಳಬಲ್ಲ.

ಇಷ್ಟು ಕಷ್ಟದ ವಿದ್ಯೆಯನ್ನು ಹುಡುಗ ಕಲಿಯಬೇಕಾದ ವಯಸ್ಸು ಯಾವುದು ನೋಡಿ! ದನಿ ಒಡೆಯುವ, ಮುಖದಲ್ಲಿ ಅಲ್ಲೊಂದು ಇಲ್ಲೊಂದು ಕೂದಲು ಮೂಡುವ, ಇತರರಂತೆ ಕಾಣಬೇಕೆಂಬ ಹಂಬಲ ಅತಿಯಾಗಿರುವ ವಯಸ್ಸು. ಜೊತೆಯ ಹುಡುಗರು ಹೊಸ ಹೊಸ ಮಾದರಿಯ ಕ್ರಾಪು ಮಾಡಿಸಿಕೊಳ್ಳುವಾಗ ಇವನು ಅಜ್ಜನಂತೆ ಕಾಣಬೇಕು. ಈಜು ಕಲಿಯುವುದಕ್ಕೆ, ಫುಟ್ಬಾಲ್ ಆಡುವುದಕ್ಕೆ ಮತ್ತೆ ಪಟ್ಕಾಕ್ಕೆ ಇಳಿಯಬೇಕು. ಬಿಷನ್ ಸಿಂಗ್ ಬೇಡಿ ಪಟ್ಕಾ ಕಟ್ಟಿಕೊಂಡೇ ಲೋಕವನ್ನೆಲ್ಲ ತಿರುಗಿ ಚೆಂಡು ತಿರುಗಿಸಿದರು. ಮಿಲ್ಖಾಸಿಂಗ್ ಜೂಡಾದ ಮೇಲೆ ಬಿಳಿಯ ಕರವಸ್ತ್ರ ಬಿಗಿದು ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಓಡಿದರು. ಆದರೆ ಹದಿನಾಲ್ಕರ ಹುಡುಗನಿಗೆ ಮಹಾಪುರುಷರ ಉದಾಹರಣೆ ಹೇಳಿದರೆ ಸಮಾಧಾನವಾಗುತ್ತದೆಯೆಂದು ನಂಬುವವರು ಹದಿನಾಲ್ಕು ವರ್ಷವನ್ನು ಮರೆತವರು.

ಅವನನ್ನು ಹೆಚ್ಚು ನೋಯಿಸುವುದು ದ್ವೇಷವಲ್ಲ, ತಮಾಷೆ. ಸರ್ದಾರ್ಜಿಯ ನಗೆಹನಿಗಳಿಲ್ಲದ ಪತ್ರಿಕೆ ಭಾರತದ ಯಾವ ಭಾಷೆಯಲ್ಲಾದರೂ ಉಂಟೆ? ಕನ್ನಡದಲ್ಲಿಯೂ ನಾವು ಬೇಕಾದಷ್ಟು ಅಚ್ಚು ಹಾಕಿದ್ದೇವೆ, ಬೇಕಾದಷ್ಟು ನಕ್ಕಿದ್ದೇವೆ. ಹೇಳುವವನಿಗೆ ಅದು ಒಂದು ಸಲದ ನಗೆ. ತರಗತಿಯಲ್ಲಿ ಒಬ್ಬನೇ ಪೇಟದ ಹುಡುಗನಾಗಿ ಕುಳಿತವನಿಗೆ ವರ್ಷಕ್ಕೆ ಇನ್ನೂರು ದಿನ. ಮಧ್ಯಾಹ್ನ ಹನ್ನೆರಡು ಹೊಡೆಯಿತೆಂದರೆ ಅವನತ್ತ ಎಲ್ಲರ ಮುಖ. ಇಂಥ ಹಾಸ್ಯವನ್ನು ತಡೆಯಬೇಕೆಂದು ಸುಪ್ರೀಂ ಕೋರ್ಟಿನವರೆಗೂ ಮೊರೆ ಹೋದದ್ದುಂಟು. ಜನ ಹೇಗೆ ನಡೆದುಕೊಳ್ಳಬೇಕೆಂದು ನ್ಯಾಯಾಲಯ ನೀತಿಯ ನಿಯಮಗಳನ್ನು ಹಾಕಿಕೊಡಲಾಗದೆಂದು ೨೦೧೭ರಲ್ಲಿ ಆ ಪೀಠ ಹೇಳಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಾದ ಮಾತೇ. ನಗುವವರ ಬಾಯಿಗೆ ಕೋರ್ಟು ಬೀಗ ಹಾಕಲಾದೀತೆ?

ಪೇಟ ಇಳಿಸಿದವರೆಲ್ಲ ಹೇಡಿಗಳೆಂದೂ ಉಳಿಸಿಕೊಂಡವರೆಲ್ಲ ವೀರರೆಂದೂ ಭಾವಿಸುವುದು ಸುಲಭ. ಇತಿಹಾಸ ಅಷ್ಟು ಸರಳವಾಗಿಲ್ಲ. ಭಗತ್ ಸಿಂಗನನ್ನೇ ತೆಗೆದುಕೊಳ್ಳಿ. ಲಾಹೋರಿನ ನ್ಯಾಷನಲ್ ಕಾಲೇಜಿನಲ್ಲಿ ಓದುತ್ತಿದ್ದಾಗಿನ ಚಿತ್ರದಲ್ಲಿ ಅವನ ತಲೆಯ ಮೇಲೆ ಬಿಳಿಯ ಪೇಟವಿದೆ. ೧೯೨೭ರಲ್ಲಿ ಪೊಲೀಸರು ಹಿಡಿದಿಟ್ಟಾಗ ತೆಗೆದ ಚಿತ್ರದಲ್ಲಿ ಮಂಚದ ಮೇಲೆ ಕುಳಿತಿದ್ದಾನೆ, ತಲೆ ಬರಿದು, ಕೂದಲು ಗಂಟುಕಟ್ಟಿದೆ. ೧೯೨೮ರಲ್ಲಿ, ಕ್ರಾಂತಿಕಾರ್ಯದಲ್ಲಿ ಗುರುತು ಸಿಗದಿರಲೆಂದು, ಕೂದಲು ಕತ್ತರಿಸಿ ಗಡ್ಡ ತೆಗೆದ. ಆಮೇಲೆ ತೆಗೆಸಿಕೊಂಡ, ಹ್ಯಾಟು ತೊಟ್ಟ ಚಿತ್ರವೇ ದೇಶಕ್ಕೆಲ್ಲ ಪರಿಚಿತ. ಕೂದಲು ಬೆಳೆಸಿದ್ದರೂ ಧರ್ಮದ ಪುರಾಣಗಳಲ್ಲಿ ತನಗೆ ನಂಬಿಕೆ ಹುಟ್ಟಲಿಲ್ಲವೆಂದು ೧೯೩೦ರಲ್ಲಿ ಜೈಲಿನಿಂದ ಅವನೇ ಬರೆದ. ಇಂದು ಪಂಜಾಬಿನ ಗೋಡೆಗಳ ಮೇಲೆ, ಮೋಟಾರುಗಳ ಹಿಂದೆ ಅವನನ್ನು ಬರೆಯುವುದು ಹೆಚ್ಚಾಗಿ ಹಳದಿಯ ಪೇಟದಲ್ಲಿ. ಅವನ ಚಿಕ್ಕಪ್ಪ ಅಜಿತ್ ಸಿಂಗ್ ಮುಂದಾಳಾಗಿದ್ದ ೧೯೦೭ರ ರೈತ ಚಳವಳಿಗೂ ಒಂದು ಹಾಡಿನಿಂದ ‘ಪಗಡಿ ಸಂಭಾಲ್ ಜಟ್ಟಾ’ ಎಂಬ ಹೆಸರೇ ನಿಂತಿತು. ಅಲ್ಲಿ ಪಗಡಿಯೆಂದರೆ ಮಾನ, ಭೂಮಿ. ಪಂಜಾಬಿ ಭಾಷೆಯಲ್ಲಿ ಈ ಪದಕ್ಕೆ ಧರ್ಮಕ್ಕಿಂತ ಅಗಲವಾದ ಅರ್ಥವುಂಟು. ತಂದೆ ತೀರಿಹೋದಾಗ ಹಿರಿಯ ಮಗನಿಗೆ ಪೇಟ ಕಟ್ಟಿ ಮನೆಯ ಹೊಣೆ ಒಪ್ಪಿಸುವ ಪದ್ಧತಿ ಅಲ್ಲಿ ಹಿಂದೂಗಳಲ್ಲೂ ಇದೆ. ಪೇಟ ಬದಲಾಯಿಸಿಕೊಂಡ ಇಬ್ಬರು ಗೆಳೆಯರು ಮುಂದೆ ಅಣ್ಣತಮ್ಮಂದಿರು.

೧೯೮೪ರ ವಿಷಯಕ್ಕೆ ಬಂದಾಗ ಯಾರೇ ಆಗಲಿ ದನಿ ತಗ್ಗಿಸಬೇಕಾಗುತ್ತದೆ. ಅಕ್ಟೋಬರ್ ೩೧ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಮುಂದಿನ ಮೂರು ನಾಲ್ಕು ದಿನಗಳಲ್ಲಿ ದೆಹಲಿಯೊಂದರಲ್ಲಿಯೆ, ಸರ್ಕಾರದ ಲೆಕ್ಕದಂತೆ, ೨,೭೩೩ ಮಂದಿ ಸಿಖ್ಖರನ್ನು ಕೊಂದರು. ಗುಂಪುಗಳು ಮನುಷ್ಯನನ್ನು ಗುರುತಿಸಿದ್ದು ಪೇಟದಿಂದ. ರೈಲುಗಳಲ್ಲಿ, ನೆರೆಯವರ ಕೋಣೆಗಳಲ್ಲಿ, ಕತ್ತಲೆಯಲ್ಲಿ ತಾಯಂದಿರೇ ಮಕ್ಕಳ ಜೂಡಾ ಕತ್ತರಿಸಿ ಪ್ರಾಣ ಉಳಿಸಿದರು. ಕೆಲವು ಹುಡುಗರು ಆಮೇಲೆ ಮತ್ತೆ ಕೂದಲು ಬಿಟ್ಟರು, ಕೆಲವರು ಬಿಡಲಿಲ್ಲ. ಬಿಡದವರ ಮಕ್ಕಳು ಇಂದು ತರುಣರು. ಅವರ ತಲೆ ಏಕೆ ಬರಿದಾಗಿದೆಯೆಂದು ಕೇಳುವವರು ಆ ಲೆಕ್ಕವನ್ನೂ ಕೇಳಬೇಕು. ಪಂಜಾಬಿನೊಳಗೆ ಆ ದಶಕದಲ್ಲಿ ಇನ್ನೊಂದು ಇಕ್ಕಳ. ಉಗ್ರಗಾಮಿಗಳು ಆಚಾರದ ಪಟ್ಟಿ ಹೊರಡಿಸಿ, ಕ್ಷೌರದಂಗಡಿಗಳನ್ನು ಮುಚ್ಚಿಸಿ, ಬಂದೂಕಿನಿಂದ ಧರ್ಮ ಕಾಯಲು ಹೊರಟರು. ಪೊಲೀಸರಿಗೋ ಗಡ್ಡ ಬಿಟ್ಟು ಪೇಟ ಕಟ್ಟಿದ ತರುಣನೆಂದರೆ ಸಂಶಯ. ಕಟ್ಟಿದರೆ ಒಬ್ಬರಿಗೆ ಹೆದರಬೇಕು, ಬಿಟ್ಟರೆ ಇನ್ನೊಬ್ಬರಿಗೆ. ದೂರದ ಬೀದರಿಗೂ ಅದರ ಕಿಡಿ ಹಾರಿತು. ಅಲ್ಲಿ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳಲ್ಲಿ ಕೆಲವರು ೧೯೮೮ರ ಸೆಪ್ಟೆಂಬರಿನ ಗಲಭೆಯಲ್ಲಿ ಪ್ರಾಣ ಕಳೆದುಕೊಂಡರು. ಸಾಹಿಬ್ ಸಿಂಗನ ಊರಿನಲ್ಲಿ ಇದು ನಡೆಯಬಾರದಾಗಿತ್ತು.

ಇನ್ನು ಪರದೇಶದ ಮಾತು. ಇಂಗ್ಲೆಂಡಿಗೆ ಹೋದ ಮೊದಲ ತಲೆಮಾರಿನ ಸಿಖ್ಖರಲ್ಲಿ ಬಹುಮಂದಿ ಕೆಲಸ ಸಿಗಲೆಂದು ಹಡಗಿನಿಂದ ಇಳಿಯುತ್ತಲೇ ಕೂದಲು ಕತ್ತರಿಸಿಕೊಂಡರು. ಆಮೇಲೆ ಅವರಲ್ಲಿ ಕೆಲವರಿಗೆ ಮನಸ್ಸು ತಡೆಯಲಿಲ್ಲ. ವುಲ್ವರ್‌ಹ್ಯಾಂಪ್ಟನ್ ಎಂಬ ಊರಿನಲ್ಲಿ ತರ್ಸೇಮ್ ಸಿಂಗ್ ಸಂಧು ಎಂಬ ಬಸ್ಸಿನ ಚಾಲಕ ಕೆಲಸಕ್ಕೆ ಸೇರಿದಾಗ ನುಣ್ಣಗೆ ಮುಖ ಬೋಳಿಸಿದ್ದ. ೧೯೬೭ರಲ್ಲಿ ಕಾಯಿಲೆಯ ರಜ ಮುಗಿಸಿ ಬರುವಾಗ ಗಡ್ಡವೂ ಪೇಟವೂ ಇದ್ದುವು. ಅಧಿಕಾರಿಗಳು ಮನೆಗೆ ಕಳುಹಿಸಿದರು. ಎರಡು ವರ್ಷ ಮೆರವಣಿಗೆ, ವಾದವಿವಾದ. ಆ ಊರಿನ ಪಾರ್ಲಿಮೆಂಟ್ ಸದಸ್ಯ ಈನಕ್ ಪವೆಲ್ ೧೯೬೮ರಲ್ಲಿ ಮಾಡಿದ ಕುಪ್ರಸಿದ್ಧ ಭಾಷಣದಲ್ಲಿಯೂ ಸಿಖ್ಖರ ಈ ಹಟದ ಪ್ರಸ್ತಾಪ ಬಂತು. ಕೊನೆಗೆ ೧೯೬೯ರ ಏಪ್ರಿಲಿನಲ್ಲಿ ನಿಷೇಧ ಹೋಯಿತು. ಪೇಟ ಕಟ್ಟಿದವರಿಗೆ ಮೋಟಾರು ಸೈಕಲ್ಲಿನ ಹೆಲ್ಮೆಟ್ಟಿನಿಂದ ವಿನಾಯಿತಿ ಕೊಡುವ ಕಾನೂನು ಅಲ್ಲಿ ಬಂದದ್ದು ೧೯೭೬ರಲ್ಲಿ.

ಶಾಲೆಯ ಹುಡುಗನಿಗಾಗಿ ನಡೆದ ದೊಡ್ಡ ವ್ಯಾಜ್ಯ ಬರ್ಮಿಂಗ್‌ಹ್ಯಾಮಿನದು. ಕೂದಲು ಕತ್ತರಿಸಿ ಪೇಟ ತೆಗೆದರೆ ಮಾತ್ರ ಸೇರಿಸಿಕೊಳ್ಳುವೆನೆಂದು ಅಲ್ಲಿನ ಖಾಸಗಿ ಶಾಲೆಯೊಂದರ ಮುಖ್ಯೋಪಾಧ್ಯಾಯರು ಮಂಡ್ಲಾ ಮನೆತನದ ಬಾಲಕನಿಗೆ ಹೇಳಿದರು. ತಂದೆ ನ್ಯಾಯಾಲಯಕ್ಕೆ ಹೋದರು. ಪ್ರಶ್ನೆ ವಿಚಿತ್ರವಾಗಿತ್ತು. ಅಲ್ಲಿನ ಕಾನೂನು ಜನಾಂಗ ಭೇದವನ್ನು ನಿಷೇಧಿಸಿತ್ತು, ಮತಭೇದವನ್ನಲ್ಲ. ಸಿಖ್ಖರು ಮತವೋ ಜನಾಂಗವೋ? ಲಾರ್ಡ್ ಡೆನ್ನಿಂಗರ ಪೀಠ ಮತವೆಂದು ತೀರ್ಮಾನಿಸಿ ಹುಡುಗನನ್ನು ಸೋಲಿಸಿತು. ಹೌಸ್ ಆಫ್ ಲಾರ್ಡ್ಸ್ ೧೯೮೩ರ ಮಾರ್ಚಿನಲ್ಲಿ ಆ ತೀರ್ಪನ್ನು ತಿರುಗಿಸಿತು: ಹಂಚಿಕೊಂಡ ಇತಿಹಾಸ, ಹಂಚಿಕೊಂಡ ರೀತಿನೀತಿ ಇರುವ ಈ ಜನ ಕಾನೂನಿನ ಅರ್ಥದಲ್ಲಿ ಒಂದು ಜನಾಂಗವೇ. ಒಬ್ಬ ಹುಡುಗನ ತಲೆಯ ಬಟ್ಟೆಗಾಗಿ ಮೂರು ನ್ಯಾಯಾಲಯಗಳು ‘ಜನಾಂಗ’ ಎಂಬ ಪದದ ಅರ್ಥವನ್ನು ಜಾಲಾಡಬೇಕಾಯಿತು.

ಎಲ್ಲ ಕಡೆಯೂ ಹೀಗೆ ಗೆಲುವಾಗಲಿಲ್ಲ. ಫ್ರಾನ್ಸಿನಲ್ಲಿ ೨೦೦೪ರ ಕಾನೂನು ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿತು. ಆ ಕಾನೂನು ಬರೆದವರ ಮನಸ್ಸಿನಲ್ಲಿ ಮುಖ್ಯವಾಗಿ ಇದ್ದದ್ದು ಮುಸ್ಲಿಂ ಹುಡುಗಿಯರ ತಲೆವಸ್ತ್ರ. ಸಿಖ್ಖರು ಅಲ್ಲಿ ಕೆಲವೇ ಸಾವಿರ. ಆದರೂ ಆ ವರ್ಷವೇ ಪ್ಯಾರಿಸಿನ ಬಳಿಯ ಬೊಬಿನ್ಯಿಯಲ್ಲಿ ಮೂವರು ಸಿಖ್ ಹುಡುಗರನ್ನು ಶಾಲೆಯಿಂದ ಹೊರಹಾಕಿದರು. ಅವರಲ್ಲೊಬ್ಬನ ಹಕ್ಕಿಗೆ ಭಂಗವಾಗಿದೆಯೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ೨೦೧೨ರಲ್ಲಿ ಹೇಳಿತು. ಫ್ರಾನ್ಸ್ ಕಾನೂನನ್ನು ಬದಲಾಯಿಸಲಿಲ್ಲ. ಕೆನಡಾದಲ್ಲಿ ಬಲತೇಜ್ ಸಿಂಗ್ ಧಿಲ್ಲೋನ್ ಎಂಬ ತರುಣನಿಗೆ ಅಲ್ಲಿನ ರಾಷ್ಟ್ರೀಯ ಪೊಲೀಸ್ ದಳದಲ್ಲಿ ಪೇಟದೊಡನೆ ಸೇರಲು ೧೯೯೦ರಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಮೊದಲು ಅವನ ವಿರುದ್ಧ ಅಪಹಾಸ್ಯದ ಬಿಲ್ಲೆಗಳು, ಕ್ಯಾಲೆಂಡರುಗಳು ಮಾರಾಟವಾದುವು. ೨೦೨೫ರಲ್ಲಿ ಆತ ಆ ದೇಶದ ಸೆನೆಟ್ಟಿಗೆ ನೇಮಕಗೊಂಡ. ಅದೇ ದೇಶದ ಕ್ವಿಬೆಕ್ ಪ್ರಾಂತದಲ್ಲಾದರೋ ೨೦೧೯ರ ಕಾನೂನಿನಂತೆ ಪೇಟ ಕಟ್ಟಿದವನು ಸರ್ಕಾರಿ ಶಾಲೆಗೆ ಹೊಸದಾಗಿ ಉಪಾಧ್ಯಾಯನಾಗಿ ಸೇರುವಂತಿಲ್ಲ.

ಅಮೆರಿಕದಲ್ಲಿ ಸಂಕಟದ ರೂಪ ಬೇರೆ. ೨೦೦೧ರ ಸೆಪ್ಟೆಂಬರ್ ೧೧ರ ದುರಂತವಾಗಿ ನಾಲ್ಕೇ ದಿನಕ್ಕೆ, ಅರಿಜೋನಾದ ಮೇಸಾದಲ್ಲಿ ಬಲಬೀರ್ ಸಿಂಗ್ ಸೋಢಿ ಎಂಬ ಪೆಟ್ರೋಲ್ ಅಂಗಡಿಯ ಒಡೆಯನನ್ನು ಅವನ ಪೇಟ ನೋಡಿ ಗುಂಡಿಕ್ಕಿದರು. ಕೊಂದವನಿಗೆ ಸಿಖ್ಖನೆಂದರೆ ಯಾರೆಂದು ತಿಳಿದಿರಲಿಲ್ಲ. ೨೦೧೨ರಲ್ಲಿ ವಿಸ್ಕಾನ್ಸಿನ್ನಿನ ಗುರುದ್ವಾರದಲ್ಲಿ ಗುಂಡಿನ ದಾಳಿಯಾಯಿತು. ಇಂಥದು ನಡೆದಾಗಲೆಲ್ಲ ಶಾಲೆಗಳಲ್ಲಿ ಪೇಟದ ಹುಡುಗರ ಪಾಡು ಇನ್ನಷ್ಟು ಹದಗೆಡುತ್ತದೆ. ಸಿಖ್ ಕೊಯಲಿಶನ್ ಎಂಬ ಸಂಸ್ಥೆ ೨೦೧೪ರಲ್ಲಿ ಪ್ರಕಟಿಸಿದ ವರದಿಯಂತೆ, ತಾನು ವಿಚಾರಿಸಿದ ಸಿಖ್ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲೆಯಲ್ಲಿ ಕಾಟಕ್ಕೊಳಗಾದವರು. ಪೇಟ ಕಟ್ಟಿದವರಲ್ಲಿ ಮೂರರಲ್ಲಿ ಎರಡು ಪಾಲು. ಹೀಗಿದ್ದೂ ಸೈನ್ಯದಲ್ಲಿ ಪೇಟಕ್ಕೆ ಸಾಮಾನ್ಯವಾಗಿ ಅನುಮತಿ ಕೊಡುವ ನಿಯಮ ಅಲ್ಲಿ ೨೦೧೭ರಲ್ಲಿ ಬಂತು.

ಇಷ್ಟೆಲ್ಲ ಹೋರಾಟ ಹೊರನಾಡಿನಲ್ಲಿ ನಡೆಯುತ್ತಿರುವಾಗ ತವರಿನಲ್ಲಿ ಏನಾಗಿದೆ? ಅಲ್ಲಿಯೇ ಪೇಟ ಹೆಚ್ಚು ಇಳಿದಿದೆ. ಅಮೃತಸರದ ಕಾಲೇಜಿನ ಅಂಗಳದಲ್ಲಿ ನಿಂತು ನೋಡಿದರೆ ಕತ್ತರಿಸಿದ ತಲೆಗಳೇ ಹೆಚ್ಚು. ಕಾನೂನಿನ ಅಡ್ಡಿಯಿಲ್ಲ, ಅಪಹಾಸ್ಯದ ಭಯವಿಲ್ಲ. ಮೋಟಾರು ವಾಹನಗಳ ಕಾನೂನೂ ಪೇಟ ಕಟ್ಟಿದ ಸಿಖ್ ಸವಾರನಿಗೆ ಹೆಲ್ಮೆಟ್ಟಿನಿಂದ ವಿನಾಯಿತಿ ಕೊಟ್ಟಿದೆ. ಆದರೂ ಏಕೆ? ಸಿನಿಮ, ಸೆಕೆ, ಸೋಮಾರಿತನ ಎಂದು ಹಿರಿಯರು ಬೈಯುತ್ತಾರೆ. ಪರದೇಶಕ್ಕೆ ಹೋಗುವ ಕನಸು ಇನ್ನೊಂದು ಕಾರಣ. ಹೋದಮೇಲೆ ಹೇಗೂ ಕಷ್ಟ, ಇಲ್ಲಿಯೇ ಮುಗಿಸಿಬಿಡೋಣ ಎಂಬ ಲೆಕ್ಕ. ನನಗನ್ನಿಸುವಂತೆ ಇವೆಲ್ಲಕ್ಕಿಂತ ದೊಡ್ಡ ಕಾರಣವೊಂದಿದೆ: ಎಲ್ಲರೂ ನಮ್ಮವರೇ ಆಗಿರುವ ಕಡೆ ಗುರುತಿನ ಅವಶ್ಯಕತೆ ತೋರುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಹುಡುಗನಿಗೆ ಪೇಟ ಒಂದು ಉತ್ತರ. ಅಮೃತಸರದ ಹುಡುಗನಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಮದುವೆಯ ದಿನ ಮಾತ್ರ, ಕ್ರಾಪಿನ ತಲೆಯ ಮೇಲೆ, ಕೂಲಿ ಕೊಟ್ಟು ಕರೆಸಿದ ಕುಶಲಿಗನಿಂದ ಭರ್ಜರಿಯಾದ ಪೇಟ ಕಟ್ಟಿಸಿಕೊಳ್ಳುತ್ತಾನೆ. ನಮ್ಮ ಮೈಸೂರು ಪೇಟದ ಗತಿಯೇ ಅಲ್ಲವೆ ಇದು!

ಇದನ್ನು ತಡೆಯಲು ನಡೆದ ಪ್ರಯತ್ನಗಳಲ್ಲಿ ಎರಡು ಬಗೆ. ಒಂದು ಬಗೆ ನಿರ್ಬಂಧದ್ದು. ಸಿಖ್ ಅಲ್ಪಸಂಖ್ಯಾತರ ಕಾಲೇಜೊಂದರಲ್ಲಿ ಸಿಖ್ಖರಿಗೆ ಮೀಸಲಾದ ವೈದ್ಯಕೀಯ ಸ್ಥಾನವನ್ನು, ಹುಬ್ಬಿನ ಕೂದಲು ಕಿತ್ತಿದ್ದಾಳೆಂಬ ಕಾರಣಕ್ಕೆ ಒಬ್ಬ ಹುಡುಗಿಗೆ ನಿರಾಕರಿಸಿದರು. ಕೂದಲು ಕತ್ತರಿಸದಿರುವುದು ಸಿಖ್ ಧರ್ಮದ ಮೂಲಾಂಗವೆಂದು ೨೦೦೯ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನ್ಯಾಯಶಾಸ್ತ್ರ ಹೇಗೇ ಇರಲಿ, ಹುಬ್ಬನ್ನು ಅಳೆದು ಭಕ್ತಿಯನ್ನು ನಿರ್ಧರಿಸುವ ದಾರಿ ತರುಣರನ್ನು ಧರ್ಮದ ಹತ್ತಿರಕ್ಕೆ ತಂದೀತೆಂದು ನನಗೆ ತೋರುವುದಿಲ್ಲ. ಇನ್ನೊಂದು ಬಗೆ ಕಲಿಸಿಕೊಡುವುದು. ಹಳ್ಳಿಗಳಲ್ಲಿ ರಜದ ದಿನ ಪೇಟ ಕಟ್ಟುವ ಶಿಬಿರ, ಸ್ಪರ್ಧೆ. ಅಚ್ಚುಕಟ್ಟಾಗಿ ಕಟ್ಟಿದವನಿಗೆ ಬಹುಮಾನ. ಗುರುದ್ವಾರಕ್ಕೆ ಬಾರದ ಹುಡುಗನೂ ಸ್ಪರ್ಧೆಗೆ ಬರುತ್ತಾನೆ. ತನ್ನ ಕೈಯಲ್ಲಿ ಚೆನ್ನಾಗಿ ಬರುವ ವಿದ್ಯೆಯನ್ನು ಮನುಷ್ಯ ಸುಲಭವಾಗಿ ಬಿಡುವುದಿಲ್ಲ. ದಿಲ್ಜಿತ್ ದೊಸಾಂಜ್ ಎಂಬ ಹಾಡುಗಾರ ೨೦೧೬ರ ‘ಉಡ್ತಾ ಪಂಜಾಬ್’ ಹಿಂದಿ ಚಿತ್ರದಲ್ಲಿ ಪೇಟದೊಡನೆ, ನಗೆಪಾಟಲಿನ ಪಾತ್ರವಾಗಿ ಅಲ್ಲದೆ ಮುಖ್ಯ ಪಾತ್ರದಲ್ಲಿಯೇ ಕಾಣಿಸಿಕೊಂಡದ್ದು ಹತ್ತು ಉಪದೇಶಗಳ ಕೆಲಸ ಮಾಡಿರಬೇಕು.

ಕಡ್ಡಾಯವಿಲ್ಲದವರು ಈಗ ತಾವಾಗಿ ಮುಂದೆ ಬರುತ್ತಿರುವುದೂ ಕುತೂಹಲದ ಸಂಗತಿ. ದೀಕ್ಷೆ ಪಡೆದ ಹುಡುಗಿಯರಲ್ಲಿ, ವಿಶೇಷವಾಗಿ ಹೊರನಾಡಿನಲ್ಲಿ, ಪೇಟ ಕಟ್ಟುವವರು ಸಾಕಷ್ಟು ಮಂದಿ ಇದ್ದಾರೆ. ಗುರುಗಳು ಗಂಡು ಹೆಣ್ಣೆಂದು ಭೇದ ಮಾಡಲಿಲ್ಲ, ನಾವೇಕೆ ಮಾಡಬೇಕು ಎಂಬುದು ಅವರ ಮಾತು. ಸಮವಸ್ತ್ರದ ವಿವಾದದಲ್ಲಿ ನಮ್ಮ ಹೈಕೋರ್ಟು ೨೦೨೨ರ ಫೆಬ್ರವರಿಯಲ್ಲಿ ಮಧ್ಯಂತರ ಆಜ್ಞೆ ಹೊರಡಿಸಿದಾಗ, ಬೆಂಗಳೂರಿನ ಒಂದು ಕಾಲೇಜಿನಲ್ಲಿ ಹದಿನೇಳರ ಅಮೃತಧಾರಿ ಹುಡುಗಿಯೊಬ್ಬಳಿಗೆ ಪೇಟ ತೆಗೆಯುವಂತೆ ಹೇಳಿದರು. ಆಜ್ಞೆ ಹೊರಟದ್ದು ಬೇರೆ ಮತದ ಹುಡುಗಿಯರ ಮೊಕದ್ದಮೆಯಲ್ಲಿ. ಕಾಲೇಜಿನವರು ತಮಗೆ ಆಕ್ಷೇಪವಿಲ್ಲ, ಆಜ್ಞೆಯಿದೆ ಎಂದರು. ತಂದೆ, ಮಗಳು ಪೇಟ ತೆಗೆಯುವುದಿಲ್ಲವೆಂದರು. ಫ್ರಾನ್ಸಿನಲ್ಲಿ ನಡೆದದ್ದನ್ನು ಪತ್ರಿಕೆಯಲ್ಲಿ ಓದಿ ಅಯ್ಯೋ ಎಂದಿದ್ದ ನಾವು ಅದನ್ನು ನಮ್ಮ ಊರಿನಲ್ಲಿಯೇ ಕಂಡೆವು.

೨೦೨೩ರ ಆರಂಭದಲ್ಲಿ ಇನ್ನೊಂದು ಚರ್ಚೆ ಎದ್ದಿತು. ಜೂಡಾಕ್ಕೆ ನೆತ್ತಿಯ ಮೇಲೆ ಜಾಗ ಬಿಟ್ಟು ತಯಾರಿಸಿದ ಗುಂಡುನಿರೋಧಕ ಶಿರಸ್ತ್ರಾಣಗಳನ್ನು ಸಿಖ್ ಸೈನಿಕರಿಗೆ ಕೊಡಿಸಲು ಸೇನೆ ಮುಂದಾದಾಗ ಗುರುದ್ವಾರ ಸಮಿತಿ ವಿರೋಧಿಸಿತು: ಎರಡು ಮಹಾಯುದ್ಧಗಳಲ್ಲಿ ಪೇಟದಲ್ಲಿಯೇ ಹೋರಾಡಿದವರಿಗೆ ಈಗೇಕೆ ಟೋಪಿ? ಪ್ರಾಣ ಉಳಿಯುವುದಾದರೆ ಪೇಟದ ಮೇಲೆ ತೊಟ್ಟರೇನು ಎಂದು ಕೇಳಿದ ಸಿಖ್ಖರೂ ಇದ್ದರು. ಸೈಕಲ್ ಸವಾರಿ ಮಾಡುವ ಮಕ್ಕಳಿಗೆಂದು ಜೂಡಾಕ್ಕೆ ಜಾಗವಿರುವ ಹೆಲ್ಮೆಟ್ಟನ್ನು ಕೆನಡಾದ ಸಿಖ್ ತಾಯಿಯೊಬ್ಬಳು ಆಗಲೇ ರೂಪಿಸಿದ್ದಳು. ಈ ವಾದ ಸದ್ಯಕ್ಕೆ ಮುಗಿಯುವಂತಿಲ್ಲ.

ಬೀದರಿಗೆ ಹೋದವರು ನಾನಕ ಝಿರಾವನ್ನು ನೋಡದೆ ಬರಬಾರದು. ಗುರು ನಾನಕರು ದಕ್ಷಿಣಕ್ಕೆ ಬಂದಾಗ ಬಂಡೆಯಿಂದ ನೀರು ಹೊಮ್ಮಿತೆಂದು ನಂಬಿರುವ ಚಿಲುಮೆ ಅದು. ಪಂಜಾಬಿನಿಂದ ಬಂದ ಯಾತ್ರಿಕರು, ೧೯೮೦ರಲ್ಲಿ ಅಲ್ಲಿ ಪ್ರಾರಂಭವಾದ ಎಂಜಿನಿಯರಿಂಗ್ ಕಾಲೇಜಿನ ಹುಡುಗರು, ಸುತ್ತಲ ಹಳ್ಳಿಗಳ ರೈತರು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಲಂಗರಿನಲ್ಲಿ ರೊಟ್ಟಿ ತಿನ್ನುತ್ತಾರೆ. ಯಾವ ಮತದವರೇ ಆಗಲಿ, ತಲೆ ಮುಚ್ಚದೆ ಒಳಗೆ ಹೋಗುವಂತಿಲ್ಲ. ಕೈಯಲ್ಲಿ ಬಟ್ಟೆಯಿಲ್ಲದವರಿಗೆಂದು ಗುರುದ್ವಾರಗಳ ಬಾಗಿಲಲ್ಲಿ ಕೇಸರಿ ಬಣ್ಣದ ತುಂಡುಬಟ್ಟೆಗಳನ್ನು ಇಟ್ಟಿರುತ್ತಾರೆ. ಅಜ್ಜ ದಿನವೂ ರುಮಾಲು ಸುತ್ತುತ್ತಿದ್ದ ಮನೆಯ ಮೊಮ್ಮಗ ಅದನ್ನೊಂದು ಎತ್ತಿಕೊಂಡು, ಹಿಂದೆ ಗಂಟು ಹಾಕಲು ಬಾರದೆ ಮುಂದೆ ಹಾಕಿ, ಅದು ಕಣ್ಣಿನ ಮೇಲೆ ಜಾರಿ, ಪಕ್ಕದಲ್ಲಿ ನಿಂತ ಯಾರಾದರೂ ಸರ್ದಾರರು ನಗುತ್ತ ಸರಿಮಾಡಿ ಕಟ್ಟಿಕೊಡುತ್ತಾರೆ.